ಅಕ್ಕನ ಸಾಲು

"ಮೇಡಂ, ಆ ಭಾಗ ಬರೆದದ್ದು ನಾನಲ್ಲ, ಅಕ್ಕ" ಎಂದು ಕನ್ನಡಿಯ ಮುಂದೆ ನಿಂತು ಗಲ್ಲಕ್ಕೆ ಸೋಪು ಹಚ್ಚಿಕೊಳ್ಳುತ್ತಾ ಬಾಯೊಳಗೇ ಹೇಳಿ ನೋಡಿದ. ಹೇಳುವುದಕ್ಕೇನು ಕಷ್ಟ? ಒಂದು ಉಸಿರು ಬಿಡುವಷ್ಟು ಹೊತ್ತಿನ ಮಾತು. ಆದರೆ 'ನಾನಲ್ಲ' ಎನ್ನುವಲ್ಲಿಗೆ ಬಂದಾಗಲೆಲ್ಲ ನಾಲಗೆ ಹಿಂದೇಟು ಹಾಕುತ್ತಿತ್ತು. ಆ ಪದವನ್ನು ತೆಗೆದು, 'ಮೇಡಂ, ಆ ಭಾಗ ಅಕ್ಕನೂ ಬರೆದಿದ್ದಾರೆ' ಎಂದು ನೋಡಿದ. ಅದು ಸಲೀಸಾಗಿ ಬಂತು. ಸಲೀಸಾಗಿ ಬಂದದ್ದಕ್ಕೇ ತನ್ನ ಮೇಲೆ ತನಗೆ ಹೇಸಿಗೆಯಾಯಿತು. ಅಕ್ಕನೂ ಅಂತೆ! ಆ ಒಂದು ದೀರ್ಘವನ್ನು ಬಾಲಕ್ಕೆ ಅಂಟಿಸಿದರೆ ಸಾಕು, ತಾನು ಅರ್ಧ ಉಳಿದುಕೊಳ್ಳುತ್ತೇನೆ, ಅವರಿಗೂ ಅರ್ಧ ಕೊಟ್ಟ ಹಾಗಾಗುತ್ತದೆ, ಕೇಳಿದವರಿಗೆ ಎಂಥ ಒಳ್ಳೆಯ ಹುಡುಗ ಅನ್ನಿಸುತ್ತದೆ. ಬ್ಲೇಡು ಗಲ್ಲದ ಮೂಲೆಯಲ್ಲಿ ಚುರ್ ಎಂದಿತು. ಹೊರಗಿನಿಂದ ಅಪ್ಪ ಬಾಗಿಲು ಬಡಿದರು. "ಏನೋ, ಇವತ್ತು ದೊಡ್ಡ ದಿನ ಅಂತೀಯ, ಬಚ್ಚಲಲ್ಲೇ ಕಳೆದುಬಿಡ್ತೀಯೇನು?"

ಅಪ್ಪ ಮೂವತ್ತೊಂದು ವರ್ಷ ಮನೆಮನೆ ತಿರುಗಿ ಕರೆಂಟಿನ ಮೀಟರು ನೋಡಿ ಬರೆದುಕೊಂಡವರು. ಯಾರು ಎಷ್ಟು ಗೋಳು ತೋಡಿಕೊಂಡರೂ "ನೋಡೀಮ್ಮಾ, ನಾನು ಹೇಳ್ತಿಲ್ಲ, ಮೀಟರು ಹೇಳ್ತಿದೆ" ಎಂದು ಮುಂದಿನ ಗೇಟಿಗೆ ಹೋಗುತ್ತಿದ್ದವರು. ನಿವೃತ್ತಿಯಾಗಿ ಓದುವುದಕ್ಕೆ ಅಂಕಿಗಳಿಲ್ಲದೆ ಒಣಗಿಹೋಗಿದ್ದ ಆ ಮನುಷ್ಯನಿಗೆ ಒಂದು ತಿಂಗಳಿಂದ ಜೀವ ಬಂದಿದೆ. ಅವರ ಫೋನಿನಲ್ಲಿ ಒಂದು ಚಿತ್ರ ಇದೆ. ಮಗನದ್ದಲ್ಲ, ಮಗನ ಕೆಲಸದ್ದು. ಟೀಮಿನ ಐದು ಜನಕ್ಕೆ ಐದು ಸಾಲು, ಒಂದೊಂದು ಸಾಲಿನಲ್ಲೂ ದಿನಕ್ಕೊಂದು ಪುಟ್ಟ ಚೌಕ. ಕೆಲಸ ಮಾಡಿದ ದಿನ ಚೌಕ ಹಸಿರಾಗುತ್ತದೆ, ಜಾಸ್ತಿ ಮಾಡಿದರೆ ಕಡುಹಸಿರು, ಏನೂ ಮಾಡದ ದಿನ ಬೂದು. ಮೊದಲನೇ ಸಾಲು ಮಗನದ್ದು. ಕಟಿಂಗ್ ಶಾಪಿನವನಿಗೆ, ಇಸ್ತ್ರಿಯವನಿಗೆ, ಔಷಧಿಗೆ ಹೋದಲ್ಲಿ ಪಕ್ಕ ಕೂತವನಿಗೆ, ಎಲ್ಲರಿಗೂ ತೋರಿಸಿಯಾಗಿದೆ. ಮೊನ್ನೆ ಊಟ ಮಾಡುತ್ತಾ ಕನ್ನಡಕ ಹಣೆಗೇರಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದ್ದರು: "ಇದ್ಯಾರೋ ಇದು, ಒಂದೇ ಒಂದು ಹಸಿರಿಲ್ಲ? ಯಾವುದೋ ದಂಡಪಿಂಡ ಇರಬೇಕು." ಅವನು ನಕ್ಕಿದ್ದ. ಬಾಯಲ್ಲಿ ಅನ್ನ ಇತ್ತು, ಅದಕ್ಕೇ ಏನೂ ಹೇಳಲಿಲ್ಲ ಎಂದು ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಅನ್ನ ನುಂಗುವುದಕ್ಕೆ ಎಷ್ಟು ಹೊತ್ತು ಬೇಕು?

ಬಸ್ಸಿನಲ್ಲಿ ಸೀಟು ಸಿಕ್ಕಿತು, ಸಿಗಬಾರದಿತ್ತು. ನಿಂತಿದ್ದರೆ ಕಂಬಿ ಹಿಡಿಯುವುದು, ಕಾಲು ತುಳಿಸಿಕೊಳ್ಳುವುದು, ಏನಾದರೂ ಕೆಲಸ ಇರುತ್ತಿತ್ತು. ಕೂತರೆ ಬರೀ ತಲೆ ಓಡುತ್ತದೆ. ಕಾಲೇಜಿನಲ್ಲಿ ಪ್ರಾಜೆಕ್ಟಿನ ಈ ಒಂದು ವಿಷಯ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ. ಉಳಿದ ವಿಷಯಗಳಲ್ಲಿ ಒಬ್ಬನೇ ಓದಿ, ಒಬ್ಬನೇ ಬರೆದು, ಒಬ್ಬನೇ ಪಾಸೋ ಫೇಲೋ ಆಗುತ್ತಾನೆ. ಇದರಲ್ಲಿ ಮಾತ್ರ ಐವರನ್ನು ಒಂದೇ ಹಗ್ಗಕ್ಕೆ ಕಟ್ಟುತ್ತಾರೆ. ಯಾರ ಜತೆ ಯಾರು ಎಂಬುದನ್ನು ಮೇಡಂ ತಾವೇ ಕೂತು ಬರೆಯುತ್ತಾರೆ. ಗೆಳೆಯ ಗೆಳೆಯರೆಲ್ಲ ಒಂದಾಗುವ ಹಾಗಿಲ್ಲ. "ಹೊರಗೆ ಹೋದ ಮೇಲೆ ನಿಮ್ಮ ಪಕ್ಕದಲ್ಲಿ ಯಾರು ಕೂರಬೇಕು ಅಂತ ನಿಮ್ಮನ್ನ ಕೇಳ್ತಾರಾ?" ಎಂದು ಮೊದಲ ದಿನವೇ ಹೇಳಿದ್ದರು. ನಿಜವಾದ ಒಬ್ಬ ಕ್ಲೈಂಟನ್ನು ಹುಡುಕಿಕೊಡುತ್ತಾರೆ, ಅವರಿಗೆ ಏನು ಬೇಕೋ ಕೇಳಿಕೊಂಡು ಬರಬೇಕು, ಹದಿನೈದು ವಾರದಲ್ಲಿ ಅದನ್ನು ಕಟ್ಟಿ ಕೊಡಬೇಕು. ಪಟ್ಟಿ ನೋಟೀಸ್ ಬೋರ್ಡಿಗೆ ಬಂದ ದಿನ ನೂಕುನುಗ್ಗಲಿನಲ್ಲಿ ತಮ್ಮ ತಮ್ಮ ರೋಲ್ ನಂಬರ್ ಹುಡುಕಿಕೊಂಡ ನಾಲ್ವರು ಒಂದು ಕಡೆ ನಿಂತು, ಐದನೆಯವರು ಯಾರೆಂದು ನೋಡಿದರೆ, ಬಾಗಿಲ ಹತ್ತಿರ ಕೈಚೀಲ ಎದೆಗೊತ್ತಿಕೊಂಡು ಒಬ್ಬ ಹೆಂಗಸು. ನಲವತ್ತರ ಆಸುಪಾಸು. ಯಾರದೋ ತಾಯಿ ಫೀಸು ಕಟ್ಟಲು ಬಂದಿರಬೇಕು ಅಂದುಕೊಂಡಿದ್ದರು ಎಲ್ಲ. "ನಾನು ನಿಮ್ಮ ಟೀಮು" ಎಂದು ಆಕೆ ನಕ್ಕಾಗ ಲೀಡರ್ ತಲೆ ಕೆರೆದುಕೊಂಡು, "ಹಾಯ್... ಅಕ್ಕಾ" ಎಂದ. ಅಲ್ಲಿಂದ ಆಕೆ ಅಕ್ಕ. ಟೀಮಿಗೆ ಅಕ್ಕ, ಆಮೇಲೆ ತೊಂಬತ್ತು ಜನರ ತರಗತಿಗೇ ಅಕ್ಕ.

ಲೀಡರ್ ಎಂದರೆ ಯಾರೂ ಆರಿಸಿದವನಲ್ಲ, ಮೊದಲು ಬಾಯಿಬಿಟ್ಟವನು. ಇನ್ನೊಬ್ಬಳು ಪಟಾಕಿ, ಸ್ಲೈಡು ಮಾಡುವವಳು, ಮಾತಾಡಿ ಮಾತಾಡಿ ಎದುರಿನವರನ್ನು ಸುಸ್ತು ಮಾಡುವವಳು. ಮತ್ತೊಬ್ಬ ಕುಂಭಕರ್ಣ, ಅವನ ಬಗ್ಗೆ ಹೇಳುವುದಕ್ಕೆ ಹೆಸರೇ ಸಾಕು. ಅಕ್ಕ ಬೆಳಗ್ಗೆ ಒಂದು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು, ಮಧ್ಯಾಹ್ನ ಎರಡಕ್ಕೆ ಕ್ಲಾಸಿಗೆ ಓಡಿ ಬಂದು, ಆರು ಹೊಡೆಯುತ್ತಿದ್ದ ಹಾಗೆ ಮನೆಗೆ ಓಡುವವರು. ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ. ಎಷ್ಟೋ ವರ್ಷದ ಹಿಂದೆ ಅರ್ಧಕ್ಕೆ ಬಿಟ್ಟ ಡಿಗ್ರಿ. ವಿಶ್ವವಿದ್ಯಾಲಯ ಕೊಟ್ಟ ಕೊನೆಯ ಅವಕಾಶ ಈ ಸೆಮಿಸ್ಟರು. ಇದೊಂದು ವಿಷಯ ಹೋದರೆ ಹಿಂದೆ ಪಾಸಾದದ್ದೆಲ್ಲ ರದ್ದು. ಇದನ್ನು ಆಕೆ ಯಾರ ಕರುಣೆಗೂ ಹೇಳಿಕೊಂಡದ್ದಲ್ಲ. ಒಂದು ದಿನ ಅವನು ಸುಮ್ಮನೆ ಕೇಳಿದ್ದಕ್ಕೆ, ಮಳಿಗೆಯಲ್ಲಿ ಮಾತ್ರೆ ಸಿಗುತ್ತದೋ ಇಲ್ಲವೋ ಹೇಳುವ ಧಾಟಿಯಲ್ಲೇ ಹೇಳಿದ್ದರು. ಇಷ್ಟು ಗೊತ್ತಿದ್ದೂ ಲೀಡರ್ ಮೀಟಿಂಗನ್ನು ಆರೂವರೆಗೇ ಇಡುತ್ತಿದ್ದ. "ಅಕ್ಕ ಬಂದ್ರೆ ಬರ್ಲಿ, ಇಲ್ದಿದ್ರೆ ಬಿಡ್ಲಿ." ತಾನೂ ಆಗ ಬೇರೆ ಹೊತ್ತು ಹೇಳಲಿಲ್ಲ. ಮೂರು ಗಂಟೆಗೆ ಇಡಬಹುದಿತ್ತು. ಮೂರಕ್ಕೆ ಎಲ್ಲರೂ ಕ್ಯಾಂಟೀನಿನಲ್ಲೇ ಬಿದ್ದಿರುತ್ತಿದ್ದರು.

ಅವರ ಕ್ಲೈಂಟು ಒಂದು ಫಿಸಿಯೋಥೆರಪಿ ಕ್ಲಿನಿಕ್ಕು. ರೋಗಿಗಳಿಗೆ ಟೋಕನ್ ಕೊಡುವ ಸಾಫ್ಟ್‌ವೇರ್ ಬೇಕಾಗಿತ್ತು. ಲೀಡರ್ ಪ್ರಶ್ನೆಗಳ ಪಟ್ಟಿ ಹಿಡಿದು ಒಳಗೆ ಡಾಕ್ಟರ ಹತ್ತಿರ ಕೂತ, ಪಟಾಕಿ ಫೋಟೋ ತೆಗೆದಳು. ಅಕ್ಕ ಒಳಗೇ ಬರಲಿಲ್ಲ. ಹೊರಗೆ ರೋಗಿಗಳ ಬೆಂಚಿನಲ್ಲಿ ಕೂತು ಒಂದು ಗಂಟೆ ಸುಮ್ಮನೆ ನೋಡಿದರು. ವಾಪಸು ಬರುವಾಗ ಹೇಳಿದರು: "ಒಬ್ರು ತಾತ ಗೋಡೆ ಹಿಡ್ಕೊಂಡೇ ನಿಂತಿದ್ರು. ಕೂತ್ರೆ ಏಳೋಕಾಗಲ್ವಂತೆ. ಟೋಕನ್ನು ಹದಿನಾಲ್ಕು. ಅವರಿಗಿಂತ ಮುಂಚೆ ಬಂದೋರು ಕಾಲು ಮೇಲೆ ಕಾಲು ಹಾಕ್ಕೊಂಡು ಫೋನ್ ನೋಡ್ತಿದ್ರು. ಬಂದ ಹೊತ್ತು ನೋಡಿ ಕರೆಯೋದಾದ್ರೆ ಕಾಗದದ ಟೋಕನ್ನೇ ಸಾಕಲ್ವಾ? ನಾವ್ಯಾಕೆ?" ಲೀಡರ್ ಮುಖ ಹುಳ್ಳಗೆ ಮಾಡಿದ. ಆದರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿದರೆ ಅವರು ಕುಣಿದಾಡಿಬಿಟ್ಟರು. ಹಾಗಾಗಿ ಪ್ರಾಜೆಕ್ಟಿನ ಜೀವವೇ ಅದಾಯಿತು: ಬಂದವರನ್ನು 'ಎಷ್ಟು ಹೊತ್ತು ಕೂರಬಲ್ಲಿರಿ?' ಎಂದು ಕೇಳಿ, ಅದರ ಮೇಲೆ ಸರದಿ ಜೋಡಿಸುವುದು, ಆದರೆ ಮೊದಲು ಬಂದವರಿಗೂ ತೀರಾ ಅನ್ಯಾಯವಾಗದ ಹಾಗೆ. ಆ ಭಾಗ ಬರೆಯುವುದು ಸುಲಭದ್ದಲ್ಲ. ಅವನೂ ಎರಡು ದಿನ ಒದ್ದಾಡಿ ಕೈಚೆಲ್ಲಿದ.

ಮೂರನೇ ದಿನ ಲ್ಯಾಬಿನ ಮೂಲೆಯಲ್ಲಿ ಅಕ್ಕ ಅವನ ಪಕ್ಕ ಕುರ್ಚಿ ಎಳೆದುಕೊಂಡು, "ನಾನೊಂದ್ಸಲ ನೋಡ್ಲಾ?" ಎಂದರು. ಅವರ ಹತ್ತಿರ ಇದ್ದದ್ದು ಓಬೀರಾಯನ ಕಾಲದ ಕಂಪ್ಯೂಟರು, ಮನೆಯಲ್ಲಿ, ಆನ್ ಆಗುವುದಕ್ಕೇ ಹತ್ತು ನಿಮಿಷ. ಹಾಗಾಗಿ ಅವನ ಲ್ಯಾಪ್‌ಟಾಪಿನಲ್ಲೇ. ಇಬ್ಬರು ಒಂದೇ ಯಂತ್ರದ ಮುಂದೆ ಕೂತು, ಒಬ್ಬರು ಟೈಪು ಮಾಡುತ್ತಾ ಇನ್ನೊಬ್ಬರು ನೋಡುತ್ತಾ ಬರೆಯುವುದು ಮೇಡಂ ಹೇಳಿಕೊಟ್ಟ ಪದ್ಧತಿಯೇ. ಅರ್ಧ ಗಂಟೆಗೊಮ್ಮೆ ಜಾಗ ಬದಲಾಯಿಸಿ ಎಂದಿದ್ದರು, ಇವರು ಬದಲಾಯಿಸಲಿಲ್ಲ. ಅಕ್ಕ ಟೈಪು ಮಾಡುತ್ತಿದ್ದರು, ಎರಡೇ ಬೆರಳಲ್ಲಿ, ನಿಧಾನಕ್ಕೆ, ಆದರೆ ಹಿಂದೆ ಹೋಗಿ ಅಳಿಸುವುದೇ ಇಲ್ಲ. ಅವನು ಪಕ್ಕದಲ್ಲಿ ಹೂಂಗುಡುತ್ತಿದ್ದ. ಮೊದಲ ದಿನದ ಕೊನೆಗೆ ಬರೆದದ್ದನ್ನು ಎಲ್ಲರ ಕೆಲಸವೂ ಒಟ್ಟು ಸೇರುವ ಟೀಮಿನ ಖಜಾನೆಗೆ ಸೇರಿಸುವಾಗ ಆಕೆ ಪರದೆಯ ಮೇಲೆ ಬೆರಳಿಟ್ಟು, "ಇಲ್ಲಿ ನಿನ್ನ ಹೆಸರು ಬರ್ತಿದೆಯಲ್ಲ, ನಾನು ಬರೆದಿದ್ದಕ್ಕೆ ನನ್ನ ಹೆಸರು ಹಾಕ್ಬೇಕೇನೋ" ಎಂದಿದ್ದರು. ಬದಲಾಯಿಸುವುದು ಎರಡು ಸಾಲಿನ ಕೆಲಸ. ಮೇಡಂ ಎರಡನೇ ವಾರದಲ್ಲೇ ಬೋರ್ಡಿನ ಮೇಲೆ ಬರೆದು ತೋರಿಸಿದ್ದರು: ಯಾರು ಕೀಲಿಮಣೆ ಮುಟ್ಟಿದರು ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ, ಅದರಲ್ಲಿ ಯಾರ ಹೆಸರು ಇಟ್ಟಿದ್ದೀರೋ ಅವರದ್ದೇ ಎಂದು ಬರೆದುಕೊಳ್ಳುತ್ತದೆ, ಹುಷಾರು. ಅವನಿಗೆ ಅದು ನೆನಪಿತ್ತು. ಹಸಿವಾಗಿತ್ತು. "ಅಯ್ಯೋ, ಆಮೇಲೆ ಸರಿಮಾಡಿದ್ರಾಯ್ತು ಬಿಡಿ ಅಕ್ಕ, ಎಲ್ಲಾ ಒಂದೇ ಟೀಮಲ್ವಾ" ಎಂದ. ಆಕೆ ನಂಬಿದರು. ಆರು ವಾರ ನಂಬಿದರು.

ಆಗ ಮೋಸ ಮಾಡಬೇಕೆಂದಿರಲಿಲ್ಲ, ದೇವರಾಣೆಗೂ ಇರಲಿಲ್ಲ. ಅದು ಶುರುವಾದದ್ದು ಮೇಡಂ ಕ್ಲಾಸಿನಲ್ಲಿ ಆ ಚೌಕಗಳ ಚಿತ್ರ ಹಾಕಿದ ದಿನ. ಇಪ್ಪತ್ತು ವರ್ಷದಿಂದ ಈ ವಿಷಯ ಕಲಿಸುತ್ತಿದ್ದಾರಂತೆ. ಪ್ರತಿ ವರ್ಷವೂ ಯಾರೋ ದುಡಿದು ಯಾರೋ ಮಾರ್ಕ್ಸು ಹೊಡೆದ ಜಗಳ ಕೇಳಿ ಕೇಳಿ ಸಾಕಾಗಿ, ಬಾಯಿಮಾತು ನಂಬುವುದನ್ನು ಬಿಟ್ಟು, ಯಂತ್ರ ಬರೆದುಕೊಂಡ ಇತಿಹಾಸವನ್ನೇ ಹಿಡಿದುಕೊಂಡಿದ್ದಾರೆ. "ಇದನ್ನ ನೋಡಿ" ಎಂದು ಗೋಡೆಯಗಲ ಅವನ ಸಾಲು ತೋರಿಸಿ, "ಒಂದು ದಿನ ಬಿಟ್ಟಿಲ್ಲ. ಕೊನೇ ವಾರದಲ್ಲಿ ಗಡಿಬಿಡಿ ಮಾಡೋರು ಇವನನ್ನ ನೋಡಿ ಕಲೀರಿ" ಎಂದರು. ತೊಂಬತ್ತು ತಲೆಗಳು ತಿರುಗಿದವು. ಹಿಂದಿನ ಬೆಂಚಿನಿಂದ ಯಾರೋ "ತೋಟ ಬೆಳೆಸಿದಾನಲ್ರೋ!" ಎಂದು ಕೂಗಿದರು; ಅವತ್ತಿನಿಂದ ಅವನ ಹೆಸರೇ ತೋಟದವನು. ಕಿವಿ ಬಿಸಿಯಾಗಿ, ತುಟಿ ತನ್ನಷ್ಟಕ್ಕೆ ಅಗಲವಾಗಿ, ಜೀವಮಾನದಲ್ಲಿ ಮೊದಲ ಸಲ ತಾನು ಒಂದು ಕೋಣೆಯಲ್ಲಿ ಎಲ್ಲರಿಗೂ ಕಾಣುತ್ತಿದ್ದೇನೆ ಅನ್ನಿಸಿತ್ತು. ಚಪ್ಪಾಳೆ ತಟ್ಟಿದವರಲ್ಲಿ ಎರಡು ಬೆಂಚು ಮುಂದೆ ಕೂತಿದ್ದ ಅಕ್ಕನೂ ಇದ್ದರು. ತಿರುಗಿ ಅವನನ್ನು ನೋಡಿ, ತಮ್ಮ ಸ್ವಂತ ತಮ್ಮನನ್ನು ನೋಡಿದ ಹಾಗೆ, ಖುಷಿಯಾಗಿ ನಕ್ಕಿದ್ದರು. ಆ ನಗುವನ್ನು ಅವನು ಸುಮಾರು ದಿನ ಜಗಿದಿದ್ದಾನೆ. ಒಂದು ಚೂರು ವ್ಯಂಗ್ಯ ಸಿಕ್ಕಿದ್ದರೆ ಬದುಕಿಕೊಳ್ಳುತ್ತಿದ್ದ.

ಹೋದ ವಾರ ಗುಟ್ಟಿನ ಫಾರಂ ಬಂತು. ತನ್ನನ್ನು ಬಿಟ್ಟು ಉಳಿದ ನಾಲ್ವರಿಗೆ ನೂರು ಅಂಕ ಹಂಚಬೇಕು. ಯಾರು ಯಾರಿಗೆ ಎಷ್ಟು ಕೊಟ್ಟರೆಂದು ಮೇಡಂಗೆ ಮಾತ್ರ ಗೊತ್ತಾಗುತ್ತದೆ. ತಲೆಬರಹದಲ್ಲಿ ಒಂದೇ ಪದ: ಕೊಡುಗೆ. ಗುಟ್ಟಿನ ಫಾರಮ್ಮನ್ನು ಅಕ್ಕನನ್ನು ಬಿಟ್ಟು ನಾಲ್ವರೂ ಕ್ಯಾಂಟೀನಿನ ಒಂದೇ ಮೇಜಿನಲ್ಲಿ ಕೂತು ತುಂಬಿದರು. ಕುಂಭಕರ್ಣ ತನ್ನ ಫೋನನ್ನೇ ಲೀಡರ್ ಕೈಗೆ ಕೊಟ್ಟು ಮೇಜಿನ ಮೇಲೆ ತಲೆಯಿಟ್ಟ. "ಅಕ್ಕಂಗೆ ಐದು ಸಾಕು. ಚಾರ್ಟೇ ಖಾಲಿ ಇದೆಯಲ್ಲ, ನಾವು ಜಾಸ್ತಿ ಕೊಟ್ರೆ ಮೇಡಂಗೆ ಅನುಮಾನ ಬರುತ್ತೆ" ಎಂದ ಲೀಡರ್. ಅನುಮಾನ! ಅವನ ಬಾಯಿಂದ ಒಂದು ಶಬ್ದ ಹೊರಟಿತ್ತು, "ಆದ್ರೆ" ಎಂದು. "ಏನೋ ತೋಟದವನೇ, ಆದ್ರೆ ಏನು?" ಎಂದು ಪಟಾಕಿ ಕೇಳಿದಳು. "ಏನಿಲ್ಲ, ಚಾರ್ಜು ಕಮ್ಮಿಯಿದೆ" ಎಂದು ಫೋನು ತೋರಿಸಿದ. ಆಮೇಲೆ ಐದು ಎಂದು ಒತ್ತಿದ. ಒತ್ತಿದ ಮೇಲೆ ಆ ತಲೆಬರಹದ ಪದವನ್ನೇ ನೋಡುತ್ತಾ ಕೂತ. ಕೊಡುಗೆ ಅಂದರೆ ಕೆಲಸದಲ್ಲಿ ಹಾಕಿದ ಪಾಲೂ ಹೌದು, ಸುಮ್ಮನೆ ಕೈಯೆತ್ತಿ ಕೊಟ್ಟದ್ದೂ ಹೌದು. ಆ ಹೆಂಗಸು ಆರು ವಾರ ಕೂತು ತನಗೆ ಕೊಟ್ಟದ್ದೇನು ಹಾಗಾದರೆ? ಕೊಟ್ಟರೋ, ತಾನು ಕಿತ್ತುಕೊಂಡೆನೋ? ಐದು ಜನ ಹೀಗೆ ಹಂಚಿದ್ದನ್ನು ಮೇಡಂ ಕೂಡಿಸಿ, ಯಂತ್ರದ ಇತಿಹಾಸದ ಜತೆ ತಾಳೆ ನೋಡಿ, ಟೀಮಿನ ಮಾರ್ಕ್ಸನ್ನು ಒಬ್ಬೊಬ್ಬರಿಗೂ ಬಂದ ಪಾಲಿನಿಂದ ಗುಣಿಸುತ್ತಾರೆ. ಸೊನ್ನೆಗೆ ಹತ್ತಿರದ್ದರಿಂದ ಗುಣಿಸಿದರೆ ಏನು ಬರುತ್ತದೆಂದು ಮೂರನೇ ಕ್ಲಾಸಿನ ಮಗುವಿಗೂ ಗೊತ್ತು.

ಬಸ್ಸಿಳಿದು ಕಾಲೇಜಿನ ಮೂರನೇ ಮಹಡಿ ಹತ್ತಿದಾಗ, ಪ್ರಾಜೆಕ್ಟಿನ ಪರೀಕ್ಷೆ ನಡೆಯುವ ಕೋಣೆಯ ಹೊರಗೆ ಅಕ್ಕ ಆಗಲೇ ಬಂದು ನಿಂತಿದ್ದರು. ಅಂಗಡಿಗೆ ರಜೆ ಹಾಕಿ ಬಂದಿದ್ದರೂ ಮೈಯಿಂದ ಔಷಧಿಯ ವಾಸನೆ ಹೋಗಿರಲಿಲ್ಲ. ಇಸ್ತ್ರಿ ಮಾಡಿದ ಬಟ್ಟೆ, ಬಿಗಿಯಾಗಿ ಕಟ್ಟಿದ ಕೂದಲು, ಕೈಯಲ್ಲಿ ಮಡಚಿದ ಒಂದು ಹಾಳೆ. "ನೋಡು, ಮೇಡಂ ನಂಗೆ ಬೇರೆ ಪತ್ರ ಕಳಿಸಿದಾರೆ" ಎಂದು ಬಿಚ್ಚಿ ತೋರಿಸಿದರು. ದಾಖಲೆಯಲ್ಲಿ ನಿಮ್ಮ ಕೆಲಸ ಒಂದೂ ಕಾಣುತ್ತಿಲ್ಲ, ಕಾರಣ ಹೇಳಲು ಸಿದ್ಧರಾಗಿ ಬನ್ನಿ ಎಂದಿತ್ತು.

"ನಂಗೆ ಚಾರ್ಟು ನೋಡೋದು ಗೊತ್ತಿಲ್ದೇ ಇಲ್ಲ" ಎಂದರು ಅಕ್ಕ, ದನಿ ತಗ್ಗಿಸಿ. "ನೀನೇ ಸರಿಮಾಡ್ತೀಯ ಅಂತಿದ್ದೆ. ಹುಡುಗ್ರಿಗೆ ನೂರೆಂಟು ತಲೆಬಿಸಿ, ಮರೆತಿರ್ತಾನೆ ಅಂದ್ಕೊಂಡೆ. ಇರ್ಲಿ. ನಾನು ಹೇಳಿದ್ರೆ, ಮಾಡ್ದೇ ಇರೋರೆಲ್ಲ ಹೀಗೇ ಹೇಳ್ತಾರೆ ಅಂತಾರೆ. ನೀನು ಒಂದು ಮಾತು ಹೇಳಿದ್ರೆ ನಂಬ್ತಾರೆ. ಹೇಳ್ತೀಯಲ್ಲ?"

"ಹೇಳ್ತೀನಿ ಅಕ್ಕ."

"ಹೆದರ್ಕೋಬೇಡ. ನಿಂದೇನೂ ಕಮ್ಮಿ ಆಗಲ್ಲ. ಉಳಿದಿದ್ದೆಲ್ಲ ನೀನೇ ತಾನೇ ಬರೆದಿದ್ದು."

ಉಳಿದದ್ದು ಏನಿತ್ತು? ಬಣ್ಣ, ಬಟನ್ನು, ಲಾಗಿನ್ ಪುಟ. ಅವನು ತಲೆಯಾಡಿಸಿದ. ಹೇಳಿಬಿಡುತ್ತೇನೆ ಎಂದು ಆ ಕ್ಷಣ ನಿಜವಾಗಿಯೂ ಅಂದುಕೊಂಡ, ಎದೆ ಎಷ್ಟು ಹಗುರಾಯಿತೆಂದರೆ ಹೇಳಿಯೇ ಆಯಿತೇನೋ ಅನ್ನುವಷ್ಟು. ಅಷ್ಟರಲ್ಲಿ ಲೀಡರ್ ಬಂದು ಬಾಗಿಲು ತಳ್ಳಿದ.

ಕೋಣೆಯಲ್ಲಿ ಉದ್ದ ಮೇಜು, ಆ ತುದಿಯಲ್ಲಿ ಮೇಡಂ, ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಬೋಳುತಲೆಯವರು, ಬಿಸ್ಕತ್ತು ತಿನ್ನುತ್ತಾ. ಪಟಾಕಿ ಸ್ಲೈಡು ಓಡಿಸಿದಳು, ಲೀಡರ್ ಕೈ ಬೀಸಿ ಬೀಸಿ ಮಾತಾಡಿದ, ಕುಂಭಕರ್ಣ ಕಂಪ್ಯೂಟರಿನ ತಂತಿ ಬೀಳದ ಹಾಗೆ ಹಿಡಿದುಕೊಂಡು ನಿಂತ. ಸುಳ್ಳು ರೋಗಿಗಳನ್ನು ಹಾಕಿ ತೋರಿಸಿದರು. ಕೂರಲಾರದವರು ಮುಂದೆ ಬಂದರು, ಕೂರಬಲ್ಲವರು ಹಿಂದೆ ಸರಿದರು. ಪರೀಕ್ಷಕರು ಬಿಸ್ಕತ್ತು ಕೆಳಗಿಟ್ಟು "ಭೇಷ್" ಎಂದರು. ಮೇಡಂ ನಗಲಿಲ್ಲ. ಹಾಳೆ ತಿರುಗಿಸಿ ಅಕ್ಕನ ಕಡೆ ನೋಡಿದರು. ಕೆಟ್ಟ ನೋಟವೇನಲ್ಲ, ದಣಿದ ನೋಟ.

"ಇದರಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ?"

"ನನ್ನ ಹತ್ರ ಸರಿಯಾದ ಕಂಪ್ಯೂಟರ್ ಇರ್ಲಿಲ್ಲ ಮೇಡಂ. ಅವನ ಲ್ಯಾಪ್‌ಟಾಪಲ್ಲಿ ಕೂತು ಬರೀತಿದ್ದೆ. ಸರದಿ ಜೋಡಿಸೋದು ಪೂರ್ತಿ ನಾನೇ ಬರೆದಿದ್ದು."

"ಹೆಸರು ಬದಲಾಯಿಸಿಕೊಳ್ಳಿ ಅಂತ ನಾನು ಎರಡನೇ ವಾರವೇ ಹೇಳಿದ್ದೆ. ಈಗ ಪ್ರತಿ ಟೀಮಲ್ಲೂ ಒಬ್ಬರು ಇದೇ ಮಾತು ಹೇಳ್ತಾರೆ." ಮೇಡಂ ಅವನ ಕಡೆ ತಿರುಗಿದರು. "ನೀನು ಹೇಳಪ್ಪ. ಯಾರು ಬರೆದದ್ದು?"

ಕೋಣೆಯ ಫ್ಯಾನು ಟಕಟಕ ಎನ್ನುತ್ತಿತ್ತು. ಲೀಡರ್ ಸಣ್ಣಗೆ ಕೆಮ್ಮಿದ. ಆ ಕೆಮ್ಮಿನಲ್ಲಿ ಇಡೀ ಕ್ಯಾಂಟೀನಿನ ಮೇಜಿತ್ತು. ತಾನು ಒತ್ತಿದ್ದ ಐದರ ಅಂಕೆ ಮೇಡಂ ಎದುರಿನ ಹಾಳೆಯಲ್ಲಿ ಎಲ್ಲೋ ಇದೆ. ಅಕ್ಕ ಬರೆದದ್ದು ಎಂದರೆ, 'ಮತ್ತೆ ಐದು ಯಾಕೆ ಕೊಟ್ಟೆ' ಎಂದು ಕೇಳುತ್ತಾರೆ. ಅಪ್ಪ ಫೋನು ಹಿಡಿದುಕೊಂಡು ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತಿದ್ದಾರೆ. ನೋಡೀಮ್ಮಾ, ನಾನು ಹೇಳ್ತಿಲ್ಲ. ಅಕ್ಕ ಅವನನ್ನು ನೋಡುತ್ತಿರಲಿಲ್ಲ. ನೋಡಿದರೆ ಒತ್ತಾಯ ಮಾಡಿದ ಹಾಗಾಗುತ್ತದೆಂದು ಕಿಟಕಿ ಕಡೆ ನೋಡುತ್ತಿದ್ದರು.

"ಒಟ್ಟಿಗೇ ಕೂತ್ಕೋತಿದ್ವಿ ಮೇಡಂ. ಅಕ್ಕನೂ... ಅಕ್ಕನೂ ಐಡಿಯಾ ಕೊಡ್ತಿದ್ರು."

"ಟೈಪು ಮಾಡಿದ್ದು ಯಾರು ಅಂತ ಕೇಳಿದೆ."

"ಜಾಸ್ತಿ ನಾನೇ."

ಎಷ್ಟು ಸುಲಭವಾಗಿ ಬಂತು! ಅವನಿಗೇ ಆಶ್ಚರ್ಯವಾಯಿತು. ಅಕ್ಕ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಮಾತ್ರ ಇನ್ನೊಂದು ಮಡಿಕೆ ಮಡಚಿದರು. ಮೇಡಂ ಅನ್ಯಾಯ ಮಾಡುವ ಜಾಯಮಾನದವರಲ್ಲ. "ಆಯ್ತು, ಒಂದು ಅವಕಾಶ ಕೊಡ್ತೀನಿ" ಎಂದು ಸರದಿ ಜೋಡಿಸುವ ಭಾಗವನ್ನು ಪರದೆಗೆ ತಂದು, "ಇದನ್ನ ವಿವರಿಸಿ" ಎಂದರು.

ಅಕ್ಕ ಎದ್ದು ಪರದೆಯ ಹತ್ತಿರ ಹೋದರು. ಮೊದಲ ಎರಡು ಮಾತಿಗೆ ದನಿ ನಡುಗಿತು, ಆಮೇಲೆ ಇಲ್ಲ. ಈ ಸಾಲು ಯಾಕೆ, ಇದು ಇಲ್ಲದಿದ್ದರೆ ಏನಾಗುತ್ತದೆ, ಹತ್ತು ನಿಮಿಷ ಕೂರಬಲ್ಲವನು ನಲವತ್ತು ನಿಮಿಷ ಕಾದಿದ್ದರೆ ಅವನನ್ನು ಎಲ್ಲಿ ತರಬೇಕು, ಇಬ್ಬರದ್ದೂ ಒಂದೇ ಆದರೆ ವಯಸ್ಸು ನೋಡದೆ ಬಂದ ಹೊತ್ತು ಯಾಕೆ ನೋಡಿದ್ದು. ಕೌಂಟರಿನಲ್ಲಿ ಮುದುಕರಿಗೆ ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು ಬಿಡಿಸಿ ಬಿಡಿಸಿ ಹೇಳುವ ಹಾಗೆ ಹೇಳಿದರು. ಪರೀಕ್ಷಕರು ಮಧ್ಯೆ ಒಂದು ಕೊಕ್ಕೆ ಹಾಕಿದರು. ಅದಕ್ಕೂ ಉತ್ತರ ಸಿದ್ಧವಿತ್ತು. ಅವನಿಗೆ ಅರ್ಧ ಈಗಲೇ ಮೊದಲ ಸಲ ಅರ್ಥವಾಗುತ್ತಿತ್ತು. ಇವರೇ ಬರೆದದ್ದೆಂದು ಕುರುಡನಿಗೂ ಗೊತ್ತಾಗುತ್ತದೆ, ತಾನು ಬಾಯಿಬಿಡಬೇಕಾಗಿಯೇ ಇಲ್ಲ, ಅವರಾಗಿಯೇ ಪಾರಾದರು ಎಂದುಕೊಂಡ.

ಮೇಡಂ ಮುಖದಲ್ಲಿ ಅವತ್ತು ಮೊದಲ ಸಲ ನಗು ಬಂತು. ತಿರುಗಿದ್ದು ಅವನ ಕಡೆಗೆ. "ತುಂಬಾ ಚೆನ್ನಾಗಿ ಹೇಳಿಕೊಟ್ಟಿದ್ದೀಯಪ್ಪ ಇವರಿಗೆ" ಎಂದರು. "ಬರೆಯೋದು ಎಷ್ಟೋ ಜನಕ್ಕೆ ಬರುತ್ತೆ. ಜತೆಯವರಿಗೆ ಹೀಗೆ ಅರ್ಥ ಮಾಡಿಸೋದು, ಅದು ಟೀಮ್‌ವರ್ಕು." ಪರೀಕ್ಷಕರು ತಲೆದೂಗಿ ಏನೋ ಬರೆದುಕೊಂಡರು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಈಗ ಅಕ್ಕನೂ ನೋಡಿದರು.

"ಥ್ಯಾಂಕ್ಸ್ ಮೇಡಂ" ಎಂದ.

ಆಮೇಲೆ ಮೇಡಂ ಅಕ್ಕನಿಗೆ ಮೃದುವಾಗಿಯೇ ಹೇಳಿದರು: ಇನ್ನೊಬ್ಬರು ಬರೆದದ್ದು ಅರ್ಥವಾಗುವುದು ಒಳ್ಳೆಯದೇ, ಆದರೆ ಅದನ್ನು ಕೆಲಸ ಎಂದು ಎಣಿಸುವುದಕ್ಕೆ ನಿಯಮ ಇಲ್ಲ, ಟೀಮಿನವರೂ ಹಾಗೇ ಅಭಿಪ್ರಾಯ ಕೊಟ್ಟಿದ್ದಾರೆ, ತಾನು ಅಸಹಾಯಕಳು. "ಮಾರ್ಕ್ಸು ಸಂಜೆ ಐದಕ್ಕೆ ಕಳಿಸ್ತೀನಿ. ಯಾರಿಗಾದ್ರೂ ಏನಾದ್ರೂ ಹೇಳೋದಿದ್ರೆ ಅಷ್ಟರೊಳಗೆ ನನ್ನ ಕೋಣೆಗೆ ಬನ್ನಿ." ಅಕ್ಕ "ಸರಿ ಮೇಡಂ" ಎಂದು ಕುರ್ಚಿಯನ್ನು ಶಬ್ದವಾಗದ ಹಾಗೆ ಒಳಗೆ ಸರಿಸಿದರು.

ಹೊರಗೆ ಲೀಡರ್ ಅವನ ಬೆನ್ನಿಗೆ ಗುದ್ದಿ, "ಬಚಾವಾದ್ವಿ ಕಣ್ರೋ!" ಎಂದು ಕುಣಿದ. ಪಟಾಕಿ ಸೆಲ್ಫಿ ತೆಗೆಯಲು ಎಲ್ಲರನ್ನೂ ಎಳೆದಳು. ಅವನು ಮೂತ್ರಕ್ಕೆ ಹೋಗಬೇಕೆಂದು ತಪ್ಪಿಸಿಕೊಂಡು ಮೆಟ್ಟಿಲ ತಿರುವಿಗೆ ಬಂದರೆ, ಅಲ್ಲೇ ಅಕ್ಕ. ಓಡಿಹೋಗಲು ಜಾಗವಿರಲಿಲ್ಲ. ಬಯ್ಯಲಿ, ಕಪಾಳಕ್ಕೆ ಬಾರಿಸಲಿ ಎಂದು ಮೈ ಗಟ್ಟಿ ಮಾಡಿಕೊಂಡ.

"ಅದ್ರಲ್ಲಿ ಒಂದು ತಪ್ಪು ಉಳ್ಕೊಂಡಿದೆ" ಎಂದರು ಅಕ್ಕ. ದನಿಯಲ್ಲಿ ಏನೂ ಇರಲಿಲ್ಲ. "ಯಾರಾದ್ರೂ ಟೋಕನ್ ರದ್ದು ಮಾಡಿದ್ರೆ, ಕೂರೋಕಾಗ್ದೇ ಇರೋರು ಮತ್ತೆ ಹಿಂದಕ್ಕೆ ಹೋಗ್ಬಿಡ್ತಾರೆ. ನಿನ್ನೆ ಅಂಗಡಿಯಲ್ಲಿ ನಿಂತಿದ್ದಾಗ ಹೊಳೀತು. ನಾಳೆ ಕ್ಲಿನಿಕ್ಕಿಗೆ ಕೊಡೋದಲ್ವಾ? ಇವತ್ತೇ ಸರಿಮಾಡಿಬಿಡು. ಪಾಪ, ಆ ತಾತ ನಿಂತೇ ಇರ್ತಾರೆ."

"ಅಕ್ಕ, ನಾನು..."

"ನಿನ್ನ ಹೆಸರಲ್ಲೇ ಇದೆಯಲ್ಲ" ಎಂದು ಕೈಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದರು. ಚುಚ್ಚುವುದಕ್ಕೆ ಹೇಳಿದ್ದೋ, ಇದ್ದದ್ದು ಇದ್ದ ಹಾಗೆ ಹೇಳಿದ್ದೋ, ಅವನಿಗೆ ತಿಳಿಯಲಿಲ್ಲ.

ಮೂರು ಗಂಟೆಗೆ ಲ್ಯಾಬಿನಲ್ಲಿ ಕೂತ. ಬಾಗಿಲಿಗೆ ನೇರವಾಗಿ, ಇಪ್ಪತ್ತು ಹೆಜ್ಜೆ ಆಚೆ, ಮೇಡಂ ಕೋಣೆ. ತಪ್ಪು ಸರಿಮಾಡಿ ಆಮೇಲೆ ಹೋಗುತ್ತೇನೆ, ಕೈಯಲ್ಲಿ ಒಂದು ಕೆಲಸ ಮುಗಿಸಿಕೊಂಡು ಹೋದರೆ ಧೈರ್ಯವಿರುತ್ತದೆ ಎಂದುಕೊಂಡ. ನಾಲ್ಕಾಯಿತು. ತಪ್ಪು ಎಲ್ಲಿದೆ ಎಂಬುದೇ ಸಿಗಲಿಲ್ಲ. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಎಲ್ಲ ಕಲೆಸಿಹೋಯಿತು. ಬೆಳಗ್ಗೆ ಅಕ್ಕ ಪರದೆಯ ಮೇಲೆ ವಿವರಿಸಿದ್ದ ಸಾಲುಗಳು, ಒಂದೊಂದರ ಪಕ್ಕದಲ್ಲೂ ತನ್ನದೇ ಹೆಸರು, ಓದಿದರೆ ಇನ್ಯಾರದೋ ಮನೆಯೊಳಗೆ ಕತ್ತಲಲ್ಲಿ ತಡವರಿಸಿದ ಹಾಗಾಗುತ್ತಿತ್ತು. ನಾಲ್ಕೂವರೆಗೆ, ಮಾನ ಮರ್ಯಾದೆ ಏನೂ ಉಳಿಯದೆ, ಫೋನ್ ತೆಗೆದ. ಮೂರು ಸಲ ರಿಂಗಾಗುವಷ್ಟರಲ್ಲಿ ಎತ್ತಿದರು. ಹಿಂದೆ ಯಾರೋ ಕೆಮ್ಮಿನ ಔಷಧಿ ಕೇಳುತ್ತಿದ್ದರು. ರಜೆ ಹಾಕಿದವರು ಮತ್ತೆ ಅಂಗಡಿಗೇ ಹೋಗಿದ್ದಾರೆ.

"ಸಿಗ್ತಿಲ್ವಾ?" ಎಂದರು. ಯಾಕೆ ಮಾಡಿದೆ ಎನ್ನಲಿಲ್ಲ. "ಒಂದ್ನಿಮಿಷ ಇರು, ಇವರಿಗೆ ಕೊಟ್ಬಿಡ್ತೀನಿ." ಆಮೇಲೆ ನಿಧಾನವಾಗಿ, ಎದುರಿಗೆ ಪರದೆಯಿಲ್ಲದೆ, ಎಲ್ಲವನ್ನೂ ನೆನಪಿನಿಂದಲೇ ಹೇಳಿದರು. "ರದ್ದು ಮಾಡೋ ಜಾಗಕ್ಕೆ ಹೋಗು. ಕೊನೇಲಿ ಬಂದ ಹೊತ್ತು ನೋಡಿ ಜೋಡಿಸ್ತಿದೆ, ಅದನ್ನ ತೆಗಿ. ನಾವು ಬರೆದಿದ್ವಲ್ಲ ದೊಡ್ಡದು, ಅದನ್ನೇ ಮತ್ತೆ ಕರಿ." ನಾವು ಎಂದರು. ಹೇಳಿದಂತೆ ಹೊಡೆದ. ಒಮ್ಮೆ ಓಡಿಸಿ ನೋಡಿದ. ಒಬ್ಬನನ್ನು ರದ್ದು ಮಾಡಿದರೂ ಕೂರಲಾರದವನು ಮುಂದೆಯೇ ಉಳಿದ.

"ಆಯ್ತು ಅಕ್ಕ."

"ಆಯ್ತಲ್ಲ, ಸಾಕು."

"ಅಕ್ಕ, ಇಡಬೇಡಿ" ಎಂದ. ಇದನ್ನಾದರೂ ಆಕೆಯ ಹೆಸರಿನಲ್ಲಿ ಹಾಕುತ್ತೇನೆ, ಒಂದು ಚೌಕವಾದರೂ, ಅದನ್ನು ಹಿಡಿದುಕೊಂಡು ಮೇಡಂ ಹತ್ತಿರ ಹೋಗುತ್ತೇನೆ ಎಂದು ಬೆರಳು ಆಗಲೇ ಯಂತ್ರದ ಹೆಸರು ಬದಲಾಯಿಸುವ ಜಾಗಕ್ಕೆ ಹೋಗಿತ್ತು. ಅಲ್ಲಿ ತನ್ನ ಹೆಸರು ಅಳಿಸಿ, ಟೈಪು ಮಾಡಲು ಹೊರಟವನು ನಿಂತುಬಿಟ್ಟ. ಏನಂತ? ಫೋನಿನಲ್ಲಿ ಉಳಿಸಿಕೊಂಡಿದ್ದದ್ದು ಅಕ್ಕ ಎಂದೇ. ಸ್ಲೈಡಿನಲ್ಲಿ ಐದು ಹೆಸರಿದ್ದವು, ಅವನು ನೋಡಿಕೊಂಡದ್ದು ಒಂದನ್ನೇ. ಹದಿನೈದು ವಾರ. ಮುಖ ಸುಟ್ಟ ಹಾಗಾಯಿತು. "ಅಕ್ಕ... ನಿಮ್ಮ ಹೆಸರು ಹೇಳಿ. ಪೂರ್ತಿ ಹೆಸರು."

ಆ ಕಡೆ ಯಾರಿಗೋ ಚಿಲ್ಲರೆ ಎಣಿಸಿ ಕೊಟ್ಟ ಸದ್ದಾಯಿತು. ಆಮೇಲೆ ಆಕೆ ಹೇಳಿದರು. ಅವನು ತಪ್ಪು ಬರೆಯಬಾರದೆಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು, ಕೊನೆಯದು ದೀರ್ಘ ಎಂದು ಇನ್ನೊಮ್ಮೆ ಹೇಳಿದರು. ಅವನು ಹೊಡೆಯುತ್ತಾ ಹೋದ. ಚೆನ್ನಾದ ಹೆಸರು. ಇನ್ನು ಒಂದು ಕೀಲಿ ಒತ್ತಿದರೆ ಆಯಿತು. ಒತ್ತಿದರೆ ಆ ಸಾಲಿನ ಮುಂದೆ ಇವತ್ತಿನ ತಾರೀಖು, ಈ ಹೊತ್ತು ಬೀಳುತ್ತದೆ. ಮೇಡಂ ಇತಿಹಾಸ ಓದದೆ ಮಾರ್ಕ್ಸು ಕಳಿಸುವವರಲ್ಲ. ಬೆಳಗ್ಗೆ ನೀನು ಹೇಳಿದ್ದೇನು, ಮಧ್ಯಾಹ್ನ ಇದೇನು, ಇವರಿಗೆ ಬರೆಯುವುದು ಬರುತ್ತದಲ್ಲ ಎಂದು ಇಬ್ಬರನ್ನೂ ಎದುರು ಬದುರು ನಿಲ್ಲಿಸುತ್ತಾರೆ. ಲೀಡರ್, ಪಟಾಕಿ, ಐದರ ಅಂಕೆ, ಎಲ್ಲ ಹೊರಗೆ ಬರುತ್ತದೆ. ಅಪ್ಪನ ಫೋನು. ಅವನ ಬೆರಳು ಇನ್ನೊಂದು ಕೀಲಿಗೆ ಸರಿಯಿತು. ಕೊನೆಯ ದೀರ್ಘ ಹೋಯಿತು. ಅದರ ಹಿಂದಿನದು ಹೋಯಿತು. ಒಂದೊಂದಾಗಿ ಎಲ್ಲವೂ ಹೋಯಿತು.

"ಬರ್ಕೊಂಡ್ಯಾ?" ಎಂದು ಅಕ್ಕ ಕೇಳಿದರು. ಇಡೀ ದಿನದಲ್ಲಿ ಮೊದಲ ಸಲ ಅವರ ದನಿಯಲ್ಲಿ ಆಸೆಯಂಥದ್ದು ಏನೋ ಇತ್ತು.

"ಬರ್ಕೊಂಡೆ ಅಕ್ಕ."

"ಒಳ್ಳೇದಾಗ್ಲಿ ನಿಂಗೆ" ಎಂದರು. ಆಮೇಲೆ ಯಾರಿಗೋ "ದಿನಕ್ಕೆ ಎರಡು, ಊಟ ಆದ್ಮೇಲೆ" ಎಂದು ಹೇಳುತ್ತಾ ಫೋನಿಟ್ಟರು.